ಮಕ್ಕಳಿಗೆ ಸಂಗೀತದ ಹಾದಿ ತೆರೆದ ಶ್ರೀಪುರಂದರದಾಸರು

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀಪುರಂದರದಾಸರ ಪುಣ್ಯದಿನ. ಹರಿಭಕ್ತಿಯನ್ನು ಮನೆಮನೆಗೆ ಮುಟ್ಟಿಸಿದ ಮಹನೀಯರೆಂದು ಅವರನ್ನು ನಾವೆಲ್ಲರೂ ಬಲ್ಲೆವು. ಎಳೆಯ ಮಕ್ಕಳಿಗೆ ಸಂಗೀತ ಕಲಿಸುವ ಕ್ರಮವನ್ನು ರೂಪಿಸಿಕೊಟ್ಟ ಆಚಾರ್ಯರೂ ಅವರೇ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ದಾಸರ ಜೀವಿತಕಾಲ 1484ರಿಂದ 1564 ಎಂದು ಸಂಪ್ರದಾಯವು ಹೇಳುತ್ತದೆ. ಜನ್ಮಸ್ಥಳವು ಪುಣೆಯ ಬಳಿಯ ಪುರಂದರಗಡವೆಂದು ಕೆಲವರೂ, ಮಲೆನಾಡಿನ ತೀರ್ಥಹಳ್ಳಿ ಸೀಮೆಯೆಂದು ಕೆಲವರೂ ಅಭಿಪ್ರಾಯಪಡುತ್ತಾರೆ. ದಾಸದೀಕ್ಷೆಗೆ ಮುನ್ನ ಅವರು ಶ್ರೀನಿವಾಸನಾಯಕರೆಂಬ ಧನಿಕ ವರ್ತಕರು. ಕೈ ಬಲು ಬಿಗಿ. ಬಡಬ್ರಾಹ್ಮಣನ ವೇಷದಲ್ಲಿ ಬಂದ ಶ್ರೀಹರಿಗೆ ಪತ್ನಿ ಸರಸ್ವತೀಬಾಯಿಯವರು ಮೂಗುತಿಯನ್ನಿತ್ತ ಪ್ರಸಂಗವು ಅವರ ಕಣ್ಣು ತೆರೆಸಿತೆಂಬ ಕಥೆ ಸರ್ವವಿದಿತ. ಐಶ್ವರ್ಯವೆಲ್ಲವನ್ನೂ ಕೃಷ್ಣಾರ್ಪಣ ಮಾಡಿ ವಿಜಯನಗರಕ್ಕೆ ಬಂದು, ಶ್ರೀವ್ಯಾಸರಾಜರಿಂದ ದೀಕ್ಷೆಯನ್ನೂ ಪುರಂದರವಿಠಲನೆಂಬ ಅಂಕಿತವನ್ನೂ ಪಡೆದರು.

ಅಂದಿನ ಸಂಗೀತಶಾಸ್ತ್ರಗ್ರಂಥಗಳು ಬಹುಮಟ್ಟಿಗೆ ಸಂಸ್ಕೃತದಲ್ಲಿದ್ದವು. ಪಂಡಿತರಿಗೆ ಅವು ನಿಧಿ. ಏಳೆಂಟು ವರ್ಷದ ಮಗುವಿಗೆ ಎಟುಕದ ಫಲ. ದಾಸರು ಕಂಠಪಾಠವನ್ನೇ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಟ್ಟರೆಂಬುದು ಸಂಗೀತಗಾರರ ಪರಂಪರಾಗತ ನಂಬಿಕೆ. ಸರಳೆ, ಜಂಟಿ, ಅಲಂಕಾರ, ಗೀತೆ – ಇದೇ ಆ ಕ್ರಮ.

ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಆರಿಸಿದ್ದರಲ್ಲಿಯೇ ಅವರ ದೃಷ್ಟಿ ವ್ಯಕ್ತವಾಗುತ್ತದೆ. ಈ ರಾಗದಲ್ಲಿ ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ, ಪಂಚಮದಿಂದ ಮೇಲಿನ ಷಡ್ಜದವರೆಗೂ ಅಷ್ಟಷ್ಟೇ ಅಂತರವಿದೆ. ಕೆಳಗಿನ ಭಾಗವನ್ನು ಕಲಿತ ಮಗುವಿಗೆ ಮೇಲಿನ ಭಾಗವು ಸುಲಭಸಾಧ್ಯ. ಜಂಟಿವರಸೆಯಲ್ಲಿ ಒಂದೊಂದು ಸ್ವರವನ್ನೂ ಎರಡೆರಡು ಬಾರಿ ಒತ್ತಿ ಹಾಡುವುದರಿಂದ ಕಂಠಕ್ಕೆ ಬಲ ಬರುತ್ತದೆ. ಅಲಂಕಾರಗಳು ಧ್ರುವ, ಮಠ್ಯ ಮೊದಲಾದ ಏಳು ಸೂಳಾದಿ ತಾಳಗಳನ್ನು ಕೈಗೆ ಕೂಡಿಸುತ್ತವೆ. ಅನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಮಲಹರಿಯು ಮಾಯಾಮಾಳವಗೌಳದಲ್ಲಿಯೇ ಜನಿಸಿದ ರಾಗವಾದುದರಿಂದ ಹೊಸ ಸ್ವರ ಒಂದೂ ಎದುರಾಗದು. ಅದುವರೆಗೆ ಸ್ವರಾಕ್ಷರಗಳನ್ನಷ್ಟೇ ನುಡಿಯುತ್ತಿದ್ದ ಎಳೆಯ ನಾಲಿಗೆಯು ಇಲ್ಲಿ ಮೊದಲ ಬಾರಿಗೆ ದೇವರ ಸ್ತುತಿಯನ್ನು ಹಾಡುತ್ತದೆ.

ಈ ಪಾಠಕ್ಕೆ ಹೊತ್ತಗೆಯ ಹಂಗಿಲ್ಲ. ಶ್ರುತಿಯೊಂದು, ಗುರುಮುಖವೊಂದು ಸಾಕು. ಕನ್ನಡನಾಡಿನ ಎಲ್ಲೆಯನ್ನು ದಾಟಿ ತೆಲುಗು, ತಮಿಳು, ಮಲೆಯಾಳ ನಾಡುಗಳ ಮಕ್ಕಳಿಗೂ ಇದೇ ಮೊದಲ ಪಾಠವಾಯಿತು. ಶ್ರೀತ್ಯಾಗರಾಜರು ತಮ್ಮ ಪ್ರಹ್ಲಾದಭಕ್ತಿವಿಜಯದ ಆದಿಯಲ್ಲಿ ದಾಸರನ್ನು ಭಕ್ತಿಯಿಂದ ಸ್ಮರಿಸಿದ್ದಾರೆ. 1964ರಲ್ಲಿ ಭಾರತ ಸರಕಾರವು ದಾಸರ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಹಂಪೆಯ ತುಂಗಭದ್ರಾತೀರದ ಪುರಂದರಮಂಟಪವು ಇಂದಿಗೂ ಅವರ ನೆನಪನ್ನು ಹೊತ್ತು ನಿಂತಿದೆ.

ಕಾಸಿಗೆ ಕಾಸು ಕೂಡಿಸಿದ್ದ ವರ್ತಕರು ತಮ್ಮ ವಿದ್ಯೆಗೆ ಬೆಲೆ ಕಟ್ಟಲಿಲ್ಲ. ಶುಲ್ಕ ತೆರಬಲ್ಲವರ ಮಕ್ಕಳಿಗೆ ಮಾತ್ರ ಆ ವಿದ್ಯೆ ದಕ್ಕುವಂತಾದರೆ ದಾಸರ ಋಣ ತೀರುವುದೆಂತು? ಬಲ್ಲವರು ಆರಾಧನೆಯ ದಿನ ನೆರೆಹೊರೆಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಸರಳೆಯ ಮೊದಲ ವರಸೆಯನ್ನು ಹೇಳಿಕೊಡಲಿ. ದಾಸರಿಗೆ ಅದಕ್ಕಿಂತ ಪ್ರಿಯವಾದ ಸೇವೆ ಬೇರೊಂದಿರಲಾರದು.