ಚಿನ್ನದ ಬೆಟ್ಟದಿಂದ ಬಂದ ಅಶೋಕನ ಮಾತು

ಮೂರನೇ ಸೆಮಿಸ್ಟರ್ ಫೀಸಿಗೆಂದು ಅಮ್ಮನ ಸರ ಅಡವಿಡಲು ಹೋದಾಗ ನಾನೂ ಜೊತೆಗಿದ್ದೆ. ಮನೆಯಲ್ಲಿ ಅಜ್ಜಿ ಅದನ್ನು ಬಂಗಾರು ಎನ್ನುತ್ತಾಳೆ. ಚಳ್ಳಕೆರೆಯ ಎಷ್ಟೋ ಮನೆಗಳಂತೆ ನಮ್ಮದೂ ಒಳಗೆ ತೆಲುಗು, ಹೊರಗೆ ಕನ್ನಡ. ಅಮ್ಮ ಚಿನ್ನ ಎಂದಳು. ಸಾಲದ ಚೀಟಿಯಲ್ಲಿ ಗೋಲ್ಡ್ ಎಂದಿತ್ತು. ಮರುವಾರ ಕ್ಲಾಸಿನಲ್ಲಿ ಅದೇ ಲೋಹ ಪರಮಾಣು ಸಂಖ್ಯೆ 79 ಹೊತ್ತುಕೊಂಡು, ಎಯು ಎಂಬ ಸಂಕೇತವಾಗಿ ಬೋರ್ಡಿನ ಮೇಲಿತ್ತು. ಲ್ಯಾಟಿನ್ನಿನ ಔರಮ್ ಪದದಿಂದ ಬಂದ ಸಂಕೇತ. ಒಂದೇ ಸರಕ್ಕೆ ನಾಲ್ಕು ಹೆಸರು!

ಇದೇ ಗುಂಗಿನಲ್ಲಿದ್ದಾಗ, ರಜೆಯಲ್ಲಿ ಗೆಳೆಯನ ಬೈಕ್ ಹತ್ತಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. ಅಲ್ಲಿ ಅಶೋಕನ ಶಾಸನವಿದೆ ಎಂಬುದು ಕೆಪಿಎಸ್‌ಸಿಗೆ ಓದುವವರಿಗೆಲ್ಲ ಬಾಯಿಪಾಠ. ಆದರೆ ಅದು ಶುರುವಾಗುವುದೇ ಚಿನ್ನದ ಹೆಸರಿನಿಂದ ಎಂದು ನನಗೆ ಗೊತ್ತಿರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳ ಯೋಗಕ್ಷೇಮ ಕೇಳಿ, ಆಮೇಲೆ ರಾಜನ ಮಾತು ತಿಳಿಸುತ್ತಾರೆ. ಇಸಿಲ ಎಂದರೆ ಈ ಬೆಟ್ಟದ ಬುಡದಲ್ಲಿದ್ದ ಪಟ್ಟಣ.

ಆ ರಾಜ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ. ಎಂಟು ವರ್ಷದ ಬಳಿಕ ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಒಯ್ಯಲಾಯಿತು. ಈ ಲೆಕ್ಕ ಬರೆಸಿದ್ದು ಸೋತವರಲ್ಲ, ಗೆದ್ದ ಅಶೋಕನೇ. ಬೇರೆ ರಾಜರು ಶಾಸನದಲ್ಲಿ ಬಿರುದು ಕೆತ್ತಿಸಿದರೆ ಇವನು ಪಶ್ಚಾತ್ತಾಪ ಕೆತ್ತಿಸಿದ.

ನಮ್ಮ ಬ್ರಹ್ಮಗಿರಿಯ ಬಂಡೆಯಲ್ಲಿ ಯುದ್ಧದ ಮಾತಿಲ್ಲ. ಉಪಾಸಕನಾಗಿ ಎರಡೂವರೆ ವರ್ಷ ದಾಟಿದ್ದರೂ ಮೊದಲ ಒಂದು ವರ್ಷ ತಾನು ಗಟ್ಟಿಯಾಗಿ ಶ್ರಮಪಡಲಿಲ್ಲ ಎಂದು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಎರಡು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡಿರುವ ನನಗೆ ಚಕ್ರವರ್ತಿಯೊಬ್ಬ ಇಷ್ಟು ಹತ್ತಿರದವನು ಅನ್ನಿಸಿದ್ದು ಅದೇ ಮೊದಲು. ಶ್ರಮಪಟ್ಟರೆ ಸಣ್ಣವರಿಗೂ ದೊಡ್ಡವರಿಗೆ ಸಿಗುವುದೇ ಸಿಗುತ್ತದೆ ಎಂದೂ ಹೇಳಿಸಿದ್ದಾನೆ. ತಂದೆತಾಯಿಯ ಮಾತು ಕೇಳಬೇಕು ಎಂದೂ ಇದೆ. ಆ ಸಾಲು ಗೆಳೆಯ ವಿವರಿಸಿದಾಗ ಅಡವಿನ ಚೀಟಿ ನೆನಪಾಯಿತು.

ಅಶೋಕ ತೀರಿಕೊಂಡಿದ್ದು ಕ್ರಿ.ಪೂ. 232ರ ಸುಮಾರಿಗೆ. ಆಮೇಲೆ ಅವನ ಲಿಪಿಯನ್ನು ಓದುವವರೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ. 1892ರಲ್ಲಿ ಬಿ.ಎಲ್. ರೈಸ್ ನಮ್ಮ ಕಡೆಯ ಶಾಸನಗಳನ್ನು ಪತ್ತೆಹಚ್ಚಿದರು. ಆದರೆ ಈ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇಲ್ಲ, ದೇವಾನಾಂಪ್ರಿಯ ಎಂದಷ್ಟೇ ಇದೆ. ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಕಂಡುಹಿಡಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್! ಎಂಜಿನಿಯರಿಂಗ್ ಓದಿದವರು ಇತಿಹಾಸಕ್ಕೆ ಬಾರರು ಎನ್ನುವವರಿಗೆ ಈ ಹೆಸರು ಹೇಳಬಹುದು.

ಹಾಗಾದರೆ ಸುವರ್ಣಗಿರಿ ಎಲ್ಲಿತ್ತು? ಕೆಲವರು ಮಸ್ಕಿ ಎನ್ನುತ್ತಾರೆ, ಕೆಲವರು ಆಂಧ್ರದ ಜೊನ್ನಗಿರಿ, ಇನ್ನು ಕೆಲವರು ಕೊಪ್ಪಳದ ಕನಕಗಿರಿ. ಕನಕ ಎಂದರೂ ಸುವರ್ಣವೇ ಆದ್ದರಿಂದ ನನ್ನ ವೋಟು ಕನಕಗಿರಿಗೆ, ಹೆಸರು ಮಾತ್ರದಿಂದ ಊರು ಸಾಬೀತಾಗದು ಎಂದು ಗೊತ್ತಿದ್ದರೂ. ಸುವರ್ಣವೇ ಸವೆದು ಹಿಂದಿಯ ಸೋನಾ ಆಗಿದೆ. ನಮ್ಮದೇ ಪದ ಹೊನ್ನು. ಹಳಗನ್ನಡದಲ್ಲಿ ಪೊನ್, ತಮಿಳಿನಲ್ಲಿ ಇಂದಿಗೂ ಪೊನ್. ಕಬ್ಬಿಣವೂ ಇದರ ಸಂಬಂಧಿಯೇ: ಕರಿಯ ಪೊನ್ ಕರ್ಬೊನ್ನಾಗಿ, ಕಬ್ಬಿಣವಾಯಿತು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಹಳೆಯ ಕಲ್ಲುಸಮಾಧಿಗಳಲ್ಲಿ ಸಿಕ್ಕಿದ್ದು ಆ ಕರಿಯ ಚಿನ್ನದ ಸಾಮಾನುಗಳು.

ಆ ಸೀಮೆಯಲ್ಲಿ ಹರಿಯುವ ಹಳ್ಳಕ್ಕೆ ಚಿನ್ನ ಹಗರಿ ಎಂದು ಹೆಸರು. ಮರಳಿನಲ್ಲಿ ಚಿನ್ನ ಇದ್ದಿರಬೇಕು ಎಂದು ದಾರಿಯುದ್ದಕ್ಕೂ ಗೆಳೆಯನಿಗೆ ಥಿಯರಿ ಹೇಳುತ್ತಾ ಬಂದೆ. ಮನೆಯಲ್ಲಿ ಹೇಳಿದರೆ ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ತೆಲುಗಿನಲ್ಲಿ ಚಿನ್ನ ಎಂದರೆ ಸಣ್ಣದು. ವೇದಾವತಿ ಹಗರಿಯಾದರೆ ಇದು ಸಣ್ಣ ಹಗರಿ, ಅಷ್ಟೇ. ಮನೆಮಾತನ್ನೇ ಮರೆತ ಮೊಮ್ಮಗ ಎಂದು ಅಮ್ಮನೂ ನಗುತ್ತಾ ಕತ್ತು ಮುಟ್ಟಿಕೊಂಡಳು. ಸರ ಇನ್ನೂ ಬಿಡಿಸಿಲ್ಲ.