ವಿದುಷಿ ಕಮಲಾ ಸೊಹೊನಿಯವರು

ನಮ್ಮ ದೇಶದಲ್ಲಿ ಸ್ತ್ರೀಯರಿಗೆ ವಿಜ್ಞಾನದ ಉನ್ನತ ವಿದ್ಯೆಯು ದುರ್ಲಭವಾಗಿದ್ದ ಕಾಲದಲ್ಲಿ, ಸ್ವಂತ ಯೋಗ್ಯತೆಯಿಂದಲೂ ದೃಢನಿಶ್ಚಯದಿಂದಲೂ ಆ ಬಾಗಿಲನ್ನು ತೆರೆಯಿಸಿದವರಲ್ಲಿ ಶ್ರೀಮತಿ ಕಮಲಾ ಸೊಹೊನಿಯವರು ಅಗ್ರಗಣ್ಯರು. ಅವರ ಚರಿತ್ರೆಯ ಒಂದು ಮುಖ್ಯ ಭಾಗವು ನಮ್ಮ ಬೆಂಗಳೂರಿನಲ್ಲಿಯೇ ನಡೆದುದರಿಂದ, ಕನ್ನಡ ನಾಡಿನ ಹೆಣ್ಣುಮಕ್ಕಳು ಅದನ್ನು ತಿಳಿದಿರುವುದು ಯುಕ್ತವು.

ಇವರು 1911ರಲ್ಲಿ ಇಂದೂರಿನ ಭಾಗವತ ಮನೆತನದಲ್ಲಿ ಜನಿಸಿದರು. ತಂದೆಯವರಾದ ನಾರಾಯಣರಾಯರೂ ಅವರ ಸಹೋದರರಾದ ಮಾಧವರಾಯರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಹಿರಿಯರ ಹಾದಿಯನ್ನೇ ಹಿಡಿಯಬೇಕೆಂಬ ಆಸೆಯು ಮಗಳಲ್ಲಿ ಬಾಲ್ಯದಿಂದಲೇ ಬೇರೂರಿತು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವನ್ನಾಗಿಯೂ ಭೌತಶಾಸ್ತ್ರವನ್ನು ಉಪವಿಷಯವನ್ನಾಗಿಯೂ ಆರಿಸಿಕೊಂಡು, 1933ರಲ್ಲಿ ಅವರು ಉನ್ನತ ಶ್ರೇಣಿಯಲ್ಲಿ ಬಿ.ಎಸ್‌ಸಿ. ಪದವಿಯನ್ನು ಪಡೆದರು.

ರಸಾಯನಶಾಸ್ತ್ರವು ಕೇವಲ ಕಂಠಪಾಠದಿಂದ ಬರುವ ವಿದ್ಯೆಯಲ್ಲ. ಕ್ಷಾರದ ದ್ರಾವಣಕ್ಕೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಅದರ ಪ್ರಮಾಣವನ್ನು ಅಳೆಯುವುದು, ಅರಿಯದ ಲವಣದಲ್ಲಿ ಯಾವ ಧಾತುವಿದೆಯೆಂಬುದನ್ನು ಜ್ವಾಲೆಯ ಬಣ್ಣದಿಂದಲೂ ತಳದಲ್ಲಿ ಕೂಡುವ ಗಸಿಯಿಂದಲೂ ಕಂಡುಹಿಡಿಯುವುದು, ಇವೇ ಪದವಿ ತರಗತಿಯ ನಿತ್ಯದ ಅಭ್ಯಾಸಗಳು. ಒಂದು ಹನಿ ಹೆಚ್ಚಾದರೂ ಲೆಕ್ಕವು ಕೆಡುವುದು. ಆದ್ದರಿಂದ ಈ ವಿದ್ಯೆಯು ಬುದ್ಧಿಯನ್ನು ಬೆಳಗಿಸುವುದಲ್ಲದೆ ತಾಳ್ಮೆಯನ್ನೂ ಸತ್ಯನಿಷ್ಠೆಯನ್ನೂ ಕಲಿಸುತ್ತದೆ.

ಪದವಿಯ ತರುವಾಯ ಕಮಲಾಬಾಯಿಯವರು ಬೆಂಗಳೂರಿನ ಸಂಸ್ಥೆಗೆ ಅರ್ಜಿಯನ್ನು ಕಳುಹಿಸಿದರು. ಆಗ ಅದರ ನಿರ್ದೇಶಕರಾಗಿದ್ದವರು, 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸರ್ ಸಿ. ವಿ. ರಾಮನ್‌ರವರು. ಅಂಕಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಅರ್ಜಿದಾರಳು ಹೆಣ್ಣೆಂಬ ಕಾರಣದಿಂದಲೇ ಪ್ರವೇಶವು ನಿರಾಕರಿಸಲ್ಪಟ್ಟಿತು. ಕಮಲಾಬಾಯಿಯವರು ಮನೆಯಲ್ಲಿ ಕುಳಿತು ಕಣ್ಣೀರಿಡಲಿಲ್ಲ. ಬೆಂಗಳೂರಿಗೆ ಬಂದು, ನಿರ್ದೇಶಕರನ್ನು ಕಂಡು, ಗಾಂಧೀಜಿಯವರ ಮಾರ್ಗವನ್ನು ಅನುಸರಿಸಿ ಸತ್ಯಾಗ್ರಹವನ್ನು ಹೂಡಿದರು. ನ್ಯಾಯಾಧಿಪತಿಯನ್ನು ಬಿಡದೆ ಬೇಡಿದ ವಿಧವೆಯ ಸಾಮ್ಯವನ್ನು ಬಲ್ಲ ನಮ್ಮ ವಿದ್ಯಾರ್ಥಿನಿಯರಿಗೆ ಈ ಸಂಗತಿಯು ಸುಲಭವಾಗಿ ಅರ್ಥವಾಗುವುದು.

ಕೊನೆಗೆ ಪ್ರವೇಶವು ದೊರೆಯಿತು, ಆದರೆ ನಿಬಂಧನೆಗಳೊಡನೆ. ಮೊದಲ ವರ್ಷವಿಡೀ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ. ಗುರುಗಳು ಹೇಳಿದರೆ ರಾತ್ರಿಯಲ್ಲಿಯೂ ದುಡಿಯತಕ್ಕದ್ದು. ಪುರುಷ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಭಂಗ ತರಕೂಡದು. ಈ ಅವಮಾನವನ್ನು ನುಂಗಿಕೊಂಡು ಅವರು ಶ್ರೀ ಶ್ರೀನಿವಾಸಯ್ಯನವರ ಕೈಕೆಳಗೆ ದುಡಿದರು. ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಸಸಾರಜನಕವೇ ಅವರ ಸಂಶೋಧನೆಯ ವಿಷಯವಾಯಿತು. ತೊಗರಿಯನ್ನೇ ನಂಬಿ ಬಾಳುವ ನಮ್ಮ ಸೀಮೆಯ ರೈತರು, ಬಡವರ ತಟ್ಟೆಯಲ್ಲಿನ ಬೇಳೆಗೆ ಇಂಥ ವಿದ್ಯೆಯು ಎಷ್ಟು ಸಮೀಪವಾದುದೆಂಬುದನ್ನು ಬಲ್ಲರು. ವರ್ಷವು ಮುಗಿಯುವಷ್ಟರಲ್ಲಿ ರಾಮನ್‌ರವರ ಮನಸ್ಸು ಬದಲಾಯಿತು. ಅಲ್ಲಿಂದ ಮುಂದೆ ಇತರ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವು ದೊರೆಯತೊಡಗಿತು. 1936ರಲ್ಲಿ ಕಮಲಾಬಾಯಿಯವರು ಎಂ.ಎಸ್‌ಸಿ. ಪದವಿಯನ್ನು ಗಳಿಸಿದರು.

ಮುಂದೆ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದರು. ಆಲೂಗಡ್ಡೆಯ ಮೇಲೆ ಪ್ರಯೋಗಗಳನ್ನು ನಡೆಸಿ, ಸಸ್ಯಗಳ ಜೀವಕೋಶಗಳಲ್ಲಿ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಎಂಬ ವಸ್ತುವಿದೆಯೆಂಬುದನ್ನು ತೋರಿಸಿಕೊಟ್ಟರು. ಸುಮಾರು 40 ಪುಟಗಳ ಕಿರು ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ಪದವಿಯು ದೊರೆಯಿತು.

ಪರದೇಶದಲ್ಲಿ ನಿಲ್ಲದೆ ಅವರು ಅದೇ ವರ್ಷ ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿಯೂ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿಯೂ ಸೇವೆ ಸಲ್ಲಿಸಿದರು. 1947ರಲ್ಲಿ ಶ್ರೀ ಸೊಹೊನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಬೋಧಿಸಿ, ಕಾಲಾನಂತರದಲ್ಲಿ ಅದರ ನಿರ್ದೇಶಕಿಯ ಪದವಿಗೂ ಏರಿದರು. ಹುಳಿಯದ ನೀರಾ ಪಾನೀಯವು ಪೋಷಣೆಯಿಲ್ಲದೆ ಸೊರಗಿದ ಮಕ್ಕಳಿಗೂ ಗರ್ಭಿಣಿಯರಿಗೂ ಹಿತವೆಂಬುದನ್ನು ಪರೀಕ್ಷಿಸಿ ತೋರಿಸಿದುದಕ್ಕಾಗಿ ರಾಷ್ಟ್ರಪತಿಗಳ ಪಾರಿತೋಷಕವನ್ನು ಪಡೆದರು. 1998ರಲ್ಲಿ ದಿವಂಗತರಾದರು.

ನಾರಾಯಣಪುರದಂಥ ಊರುಗಳಲ್ಲಿ ಮಗಳನ್ನು ಬಿ.ಎಸ್‌ಸಿ. ಓದಲು ಕಲಬುರಗಿಗೆ ಕಳುಹಿಸಬೇಕೋ ಬೇಡವೋ ಎಂದು ಎಷ್ಟೋ ತಂದೆತಾಯಿಗಳು ಚಿಂತಿಸುತ್ತಾರೆ. ದೂರವೂ ವೆಚ್ಚವೂ ಸುಳ್ಳಲ್ಲ. ಆದರೆ ಕಮಲಾಬಾಯಿಯವರ ತಂದೆಯು ಮಗಳನ್ನು ಪದವಿಗೆ ಕಳುಹಿಸದೆ ಇದ್ದಿದ್ದರೆ, ಬೆಂಗಳೂರಿನ ಆ ಬಾಗಿಲು ಇನ್ನೆಷ್ಟು ವರ್ಷ ಮುಚ್ಚಿರುತ್ತಿತ್ತೋ! ಅವರಿಗೆ ವಿಧಿಸಿದ ನಿಬಂಧನೆಗಳು ಈಗ ನಮ್ಮ ಮಕ್ಕಳಿಗಿಲ್ಲ. ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಡದೆ, ಕಲಿಯಬಲ್ಲ ಮಗಳನ್ನು ಕಲಿಯಗೊಡುವುದು ಹೆತ್ತವರ ಧರ್ಮವು. ದೊರೆತ ವಿದ್ಯೆಯನ್ನು ಬಡವರ ಹಿತಕ್ಕೆ ತಿರುಗಿಸುವುದು ಮಗಳ ಧರ್ಮವು.