ತಂತಿಯ ಮೇಲೆ ಮಾತು ಹಿಡಿದಿಟ್ಟ ಪೌಲ್ಸನ್

ಸೊರಬ, ಶಿಕಾರಿಪುರದ ಕಡೆಯ ಮಕ್ಕಳಿಗೆ ಡೊಳ್ಳಿನ ಸದ್ದು ಹೊಸದಲ್ಲ. ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿದ್ದೀರಾ? ಎದುರಿಗೆ ನಿಂತಾಗ ಎದೆ ತುಂಬುವ ಪೆಟ್ಟು, ಮುದ್ರಿಸಿದಾಗ ಕೆಲವೊಮ್ಮೆ ಬರೀ ಚೂಪಾಗಿ ಕಿವಿಗೆ ಚುಚ್ಚುತ್ತದೆ. ಈಗ ಮನೆಯ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಹಾಡು ಮುದ್ರಿಸುವವರಿದ್ದಾರೆ. ಇಂಥ ಪೆಟ್ಟನ್ನು ಮೆದುಗೊಳಿಸಲು ಅವರಲ್ಲಿ ಅನೇಕರು ಒಂದು ಪುಟ್ಟ ತಂತ್ರಾಂಶ ಬಳಸುತ್ತಾರೆ. ದೊಡ್ಡ ತಂತ್ರಾಂಶಕ್ಕೆ ಸಿಕ್ಕಿಸುವ ಇಂಥ ಪುಟ್ಟ ತಂತ್ರಾಂಶಕ್ಕೆ ಪ್ಲಗಿನ್ ಎಂದು ಹೆಸರು. ಅದನ್ನು ತೆರೆದರೆ ಪರದೆಯ ಮೇಲೆ ಹಳೆಯ ಟೇಪ್ ರೆಕಾರ್ಡರಿನ ಎರಡು ಸುರುಳಿಗಳು ತಿರುಗುವ ಚಿತ್ರ ಕಾಣಬಹುದು. ಟೇಪೇ ಇಲ್ಲದ ಕಂಪ್ಯೂಟರಿನಲ್ಲಿ ಟೇಪಿನ ಚಿತ್ರವೇಕೆ? ಇದನ್ನು ತಿಳಿಯಲು ನಾವು ಡೆನ್ಮಾರ್ಕ್ ದೇಶಕ್ಕೆ, 100 ವರ್ಷಕ್ಕೂ ಹಿಂದೆ ಹೋಗಬೇಕು.

ವಾಲ್ಡೆಮಾರ್ ಪೌಲ್ಸನ್ ಹುಟ್ಟಿದ್ದು 1869ರ ನವೆಂಬರ್ 23ರಂದು, ಕೋಪನ್‌ಹೇಗನ್ ನಗರದಲ್ಲಿ. ತಂದೆ ನ್ಯಾಯಾಧೀಶರು. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದ ಪೌಲ್ಸನ್ 1893ರಲ್ಲಿ ಅದೇ ಊರಿನ ಟೆಲಿಫೋನ್ ಕಂಪನಿಗೆ ಸೇರಿದರು. ಅಲ್ಲಿ ಅವರನ್ನು ಒಂದು ಪ್ರಶ್ನೆ ಕಾಡಿತು. ನಾವು ಫೋನ್ ಮಾಡಿದಾಗ ಆ ಕಡೆಯವರು ಮನೆಯಲ್ಲಿ ಇಲ್ಲದಿದ್ದರೆ? ನಮ್ಮ ಮಾತು ಅಲ್ಲೇ ಕಾದಿದ್ದು, ಅವರು ಬಂದ ಮೇಲೆ ಕೇಳುವಂತಿದ್ದರೆ ಎಷ್ಟು ಚೆನ್ನ!

ಸದ್ದನ್ನು ಹಿಡಿಯುವ ಯಂತ್ರ ಆಗಲೇ ಇತ್ತು. ಎಡಿಸನ್ 1877ರಲ್ಲಿ ಮಾಡಿದ ಫೋನೋಗ್ರಾಫಿನಲ್ಲಿ ಮುಳ್ಳೊಂದು ಗೀರಿ ಗುರುತು ಮಾಡುತ್ತಿತ್ತು. ಪೌಲ್ಸನ್ ಗೀರುವ ಬದಲು ಕಾಂತವನ್ನು ಬಳಸಲು ಹೊರಟರು. ಟೆಲಿಫೋನಿನಲ್ಲಿ ನಮ್ಮ ಮಾತು ಏರಿಳಿಯುವ ವಿದ್ಯುತ್ ಆಗುತ್ತದೆ. ಆ ವಿದ್ಯುತ್ತನ್ನು ವಿದ್ಯುತ್ಕಾಂತಕ್ಕೆ ಕೊಟ್ಟರೆ ಅದರ ಬಲವೂ ಹಾಗೆಯೇ ಏರಿಳಿಯುತ್ತದೆ. ಅದನ್ನು ಉಕ್ಕಿನ ತಂತಿಯ ಮೇಲೆ ಎಳೆದುಕೊಂಡು ಹೋದರೆ? ತಂತಿಯಲ್ಲಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾಂತತ್ವ ಉಳಿಯಬೇಕು.

ಹೀಗೆ ಯೋಚಿಸಿದ ಪೌಲ್ಸನ್ ಪಿಯಾನೋ ವಾದ್ಯದ ಉಕ್ಕಿನ ತಂತಿಯೊಂದನ್ನು ಎರಡು ಗೋಡೆಗಳ ನಡುವೆ ಬಿಗಿದರು. ವಿದ್ಯುತ್ಕಾಂತವನ್ನು ಅದರ ಮೇಲೆ ಸರಿಯುವಂತೆ ಇಟ್ಟು, ಅದು ಸರಿಯುತ್ತಿರುವಾಗ ಟೆಲಿಫೋನಿನ ಬಾಯಿಯೊಳಗೆ ಮಾತನಾಡಿದರು. ಆಮೇಲೆ ಬಾಯಿಯ ಬದಲು ಕಿವಿಗಿಡುವ ಭಾಗವನ್ನು ಜೋಡಿಸಿ, ಕಾಂತವನ್ನು ಅದೇ ದಾರಿಯಲ್ಲಿ ಮತ್ತೆ ಸರಿಸಿದರು. ತಂತಿ ಮಾತನಾಡಿತು! ಅದು ತೀರ ಸಣ್ಣ ದನಿ.

1898ರ ಡಿಸೆಂಬರಿನಲ್ಲಿ ಅವರು ಈ ಯಂತ್ರದ ಹಕ್ಕನ್ನು ನೋಂದಾಯಿಸಿದರು. ಅದಕ್ಕೆ ಟೆಲಿಗ್ರಾಫೋನ್ ಎಂದು ಹೆಸರಿಟ್ಟರು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದಕ್ಕೆ ಅತಿ ದೊಡ್ಡ ಬಹುಮಾನ ಬಂತು. ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫ್ ಅದರೊಳಗೆ ಮಾತನಾಡಿದರು. ಆ ತಂತಿ ಡೆನ್ಮಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಂತದಿಂದ ಮುದ್ರಿಸಿದ ದನಿಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಅದೇ.

ಆದರೆ ಬಹುಮಾನ ಬಂದ ಯಂತ್ರ ಅಂಗಡಿಯಲ್ಲಿ ಗೆಲ್ಲಲಿಲ್ಲ. ಅಮೆರಿಕದಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಹುಟ್ಟಿದರೂ ಯಂತ್ರಗಳು ಹೆಚ್ಚು ಮಾರಾಟವಾಗಲಿಲ್ಲ. ಕಾರಣ ಆ ಸಣ್ಣ ದನಿಯೇ. ಅದನ್ನು ಕಿವಿಗೆ ಒತ್ತಿಕೊಂಡೇ ಕೇಳಬೇಕಿತ್ತು. ವಿದ್ಯುತ್ತಿನಿಂದ ಸದ್ದನ್ನು ಹಿಗ್ಗಿಸುವ ನಿರ್ವಾತ ಕೊಳವೆ ಬಳಕೆಗೆ ಬಂದದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಪೌಲ್ಸನ್ ಬೇಗ ಬಂದುಬಿಟ್ಟಿದ್ದರು, ಅಷ್ಟೆ. 1903ರಲ್ಲಿ ಅವರು ರೇಡಿಯೋ ಅಲೆಗಳನ್ನು ಎಡೆಬಿಡದೆ ಹುಟ್ಟಿಸುವ ಸಾಧನವನ್ನೂ ಮಾಡಿದರು. ಆ ಕಾಲದಲ್ಲಿ ಅವರಿಗೆ ಹೆಚ್ಚು ಹೆಸರು ತಂದದ್ದು ಇದು.

ದನಿ ಸಣ್ಣದಾಗಿದ್ದುದು ಮಾತ್ರವಲ್ಲ, ಸ್ಪಷ್ಟವಾಗಿಯೂ ಇರಲಿಲ್ಲ. ಏಕೆ? ನಿಮ್ಮೂರಿನ ಕೈಪಂಪನ್ನು ನೆನಪಿಸಿಕೊಳ್ಳಿ. ಮೊದಲ ಒಂದೆರಡು ಸಲ ಒತ್ತಿದರೆ ನೀರೇ ಬರುವುದಿಲ್ಲ. ಆಮೇಲೆ ಒತ್ತಿದಷ್ಟು ನೀರು. ಕೊನೆಗೆ ಎಷ್ಟೇ ಜೋರಾಗಿ ಒತ್ತಿದರೂ ಅದರ ಕೊಳವೆಗೆ ಆಗುವಷ್ಟೇ ನೀರು. ಉಕ್ಕಿನ ಸ್ವಭಾವವೂ ಹೀಗೆಯೇ. ಬಲ ತೀರ ಕಡಿಮೆಯಾದರೆ ಅದರಲ್ಲಿ ಕಾಂತತ್ವ ಉಳಿಯುವುದೇ ಇಲ್ಲ. ಬಲ ಮಿತಿ ಮೀರಿದರೆ ಇನ್ನಷ್ಟು ಕಾಂತತ್ವ ಹಿಡಿಯುವುದಿಲ್ಲ. ಪೌಲ್ಸನ್ ತಮ್ಮ ಜೊತೆಗಾರ ಪೆಡರ್ಸನ್ ಜೊತೆ ಸೇರಿ ಮೊದಲ ತೊಂದರೆಗೆ ಉಪಾಯ ಕಂಡುಕೊಂಡರು. ಮಾತಿನ ವಿದ್ಯುತ್ತಿಗೆ ಬೇರೊಂದು ಸ್ಥಿರ ವಿದ್ಯುತ್ತನ್ನು ಸ್ವಲ್ಪ ಬೆರೆಸಿದರು. ನೀರು ಬರುವ ಹಂತಕ್ಕೆ ಪಂಪನ್ನು ಮೊದಲೇ ಒತ್ತಿಟ್ಟ ಹಾಗೆ!

ಎರಡನೆಯ ಗುಣ ಮಾತ್ರ ಉಳಿದೇ ಇತ್ತು. 1928ರಲ್ಲಿ ಜರ್ಮನಿಯ ಪ್ಫ್ಲಾಯ್ಮರ್ ತಂತಿಯ ಬದಲು ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಹಚ್ಚಿದರು. 1935ರಲ್ಲಿ ಪ್ಲಾಸ್ಟಿಕ್ ಟೇಪಿನ ಯಂತ್ರ ಬರ್ಲಿನ್ ಪ್ರದರ್ಶನಕ್ಕೆ ಬಂತು. ಆಗ ಪೌಲ್ಸನ್ ಅವರಿಗೆ 65 ವರ್ಷ. 1942ರ ಜುಲೈ 23ರಂದು ಅವರು ತೀರಿಕೊಂಡರು. ಟೇಪು ಲೋಕವನ್ನೆಲ್ಲ ಸುತ್ತಿದ್ದು ಆಮೇಲೆ. ನಮ್ಮ ಭದ್ರಾವತಿ ಆಕಾಶವಾಣಿಯಲ್ಲೂ ಕಂಪ್ಯೂಟರ್ ಬರುವ ಮೊದಲು ಹಾಡು, ನಾಟಕಗಳನ್ನು ಟೇಪಿನ ಸುರುಳಿಗಳಲ್ಲೇ ಇಡುತ್ತಿದ್ದರು.

ಈಗ ಡೊಳ್ಳಿಗೆ ಬರೋಣ. ಅದರ ಜೋರು ಪೆಟ್ಟು ಟೇಪಿನ ಮೇಲೆ ಬಿದ್ದಾಗ ಪೆಟ್ಟಿನ ಮೊನೆಯಷ್ಟೂ ಹಿಡಿಸುತ್ತಿರಲಿಲ್ಲ. ಮೊನೆ ದುಂಡಗಾಗಿ, ಸದ್ದು ತುಸು ದಪ್ಪವಾಗಿ ಕೇಳುತ್ತಿತ್ತು. ಎಂಜಿನಿಯರುಗಳು ಇದನ್ನು ದೋಷವೆಂದರು. ಕೇಳುವವರ ಕಿವಿ ಮಾತ್ರ ಅದಕ್ಕೆ ಒಗ್ಗಿಹೋಯಿತು. ಕಂಪ್ಯೂಟರಿನಲ್ಲಿ ಸದ್ದು ಎಂದರೆ ಬರೀ ಅಂಕಿಗಳು. ಸಿ.ಡಿ.ಯಲ್ಲಿ ಎಡಗಡೆಯ ಸದ್ದಿಗೂ ಬಲಗಡೆಯ ಸದ್ದಿಗೂ ಒಂದು ಸೆಕೆಂಡಿಗೆ ತಲಾ 44,100 ಅಂಕಿಗಳಿರುತ್ತವೆ. ಟೇಪನ್ನು ಅನುಕರಿಸುವ ಪ್ಲಗಿನ್ ಸಣ್ಣ ಅಂಕಿಗಳನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟು, ದೊಡ್ಡ ಅಂಕಿಗಳನ್ನು ಲೆಕ್ಕ ಹಾಕಿ ಸ್ವಲ್ಪ ತಗ್ಗಿಸುತ್ತದೆ. ಟೇಪಿನ 'ಸ್‌ಸ್‌' ಎಂಬ ಸದ್ದನ್ನೂ ಬೇಕೆಂದೇ ಸೇರಿಸುವ ಪ್ಲಗಿನ್‌ಗಳಿವೆ! ಆ ಸದ್ದನ್ನು ಓಡಿಸಲು ಎಷ್ಟೋ ಮಂದಿ ವರ್ಷಗಟ್ಟಲೆ ದುಡಿದಿದ್ದರು ಎಂದು ನೆನೆದರೆ ನಗು ಬರುತ್ತದೆ.

ಪೌಲ್ಸನ್ ತಂತಿಯಲ್ಲಿ ನಡೆದದ್ದನ್ನು ನೀವೂ ನೋಡಬಹುದು. ಮರಳಿನಲ್ಲಿ ಕಾಂತವನ್ನು ಎಳೆದರೆ ಕಬ್ಬಿಣದ ಕಪ್ಪು ಪುಡಿ ಅಂಟುತ್ತದೆ. ಅದನ್ನು ಕಾಗದದಲ್ಲಿ ಕೂಡಿಡಿ. ಲೋಹ ಕೊಯ್ಯುವ ಗರಗಸದ ಒಂದು ಹಳೆಯ ಅಲಗನ್ನು ಗುರುಗಳಿಂದ ಕೇಳಿ ಪಡೆಯಿರಿ. ಹಲ್ಲು ಕೈಗೆ ತಾಗದಂತೆ ಹಿಡಿದು, ಅದರ ಮೂರು ಕಡೆ ಮಾತ್ರ ಬಲವಾದ ಕಾಂತದ ತುದಿಯನ್ನು ಒತ್ತಿ ತೆಗೆಯಿರಿ. ಈಗ ಅಲಗಿನ ಮೇಲೆ ಪುಡಿ ಉದುರಿಸಿ, ಮೆಲ್ಲಗೆ ಕೊಡವಿ. ಪುಡಿ ಎಲ್ಲೆಲ್ಲಿ ಹೆಚ್ಚಾಗಿ ಉಳಿಯಿತು, ನೋಡಿ ಬರೆದಿಡಿ.